ಮಾನಿಟರ್ ಮೇಲೆ ಇಟ್ಟ ಕೈ

ಓದುತ್ತಿರುವ ಎಲ್ಲರಿಗೂ ಕಲ್ಯಾಣದುರ್ಗದಿಂದ ನಮಸ್ಕಾರ. ನಾನು ಹೆಚ್ಚು ಓದಿದವನಲ್ಲ. ಹತ್ತನೇ ತರಗತಿ ಪಾಸಾದದ್ದೇ ಮದುವೆಯಾಗಿ ಮಗು ಹುಟ್ಟಿದ ಮೇಲೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಎರಡೂ ನನ್ನ ತಲೆಯಲ್ಲಿ ಕಲಸಿಕೊಂಡಿವೆ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಮನಸ್ಸಿನಲ್ಲೇ ತಿದ್ದಿಕೊಂಡು ಮುಂದಕ್ಕೆ ಹೋಗಿ, ಬೈಯಬೇಡಿ.

ನಮ್ಮ ಮಾವನ ಬಲಗೈಯ ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು. ಪ್ರಾಯದಲ್ಲಿ ಒಂದು ಹೋರಿ ಎಳೆದ ರಭಸಕ್ಕೆ ಹಗ್ಗದ ಸುತ್ತಿನಲ್ಲಿ ಸಿಕ್ಕಿ ಹೋದದ್ದಂತೆ. ಉಳಿದ ಮೋಟು ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮಾವ ಎಂದರೆ ನನ್ನ ಹೆಂಡತಿಯ ತಂದೆ. ಹಿಂದೂಪುರದ ಸಂತೆಯಲ್ಲಿ ಎತ್ತಿನ ದಲ್ಲಾಳಿ. ಅಲ್ಲಿ ಯಾರೂ ಬಾಯಿ ಬಿಟ್ಟು ರೇಟು ಹೇಳುವುದಿಲ್ಲ. ಎಡಗೈಯನ್ನು ಎತ್ತಿನ ಬೆನ್ನ ಮೇಲೆ ಇಡುತ್ತಾರೆ. ಬಲಗೈ ಟವಲಿನ ಕೆಳಗೆ ಹೋಗುತ್ತದೆ. ಅಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ವ್ಯಾಪಾರ ಮಾಡುತ್ತಾರೆ, ಎಷ್ಟು ಬೆರಳು ಹಿಡಿದರೋ ಅದೇ ರೇಟಿನ ಲೆಕ್ಕ. ಸುತ್ತ ನಿಂತವರಿಗೆ ಟವಲ್ ಅಲ್ಲಾಡುವುದು ಮಾತ್ರ ಕಾಣುತ್ತದೆ. ಎಡಗೈ ಯಾವ ಎತ್ತಿನ ಮೇಲಿದೆಯೋ ಆ ಎತ್ತಿನದೇ ವ್ಯಾಪಾರ. ಒಪ್ಪಿ ಕೈ ಬಿಟ್ಟರೆ ಮುಗಿಯಿತು. ಆಮೇಲೆ ಎತ್ತು ಕುಂಟಿದರೂ ಮಾತಿಲ್ಲ.

ನನ್ನನ್ನೂ ಅವರು ಹೆಚ್ಚುಕಡಿಮೆ ಹಾಗೆಯೇ ಆರಿಸಿದ್ದು. ಆಗ ನಾನು ಕಲ್ಯಾಣದುರ್ಗದ ಕಡಲೆಕಾಯಿ ಮಿಲ್ಲೊಂದರಲ್ಲಿ ಚೀಲ ಹೊರುತ್ತಿದ್ದೆ. ಸಂಬಂಧ ಕೇಳಲು ಬಂದವರು ನಮ್ಮ ಮನೆಗೆ ಹೋಗದೆ ನೇರ ಮಿಲ್ಲಿಗೇ ಬಂದರು. ನಾನು ಚೀಲ ಇಳಿಸುವವರೆಗೂ ನನ್ನ ಕಾಲನ್ನೇ ನೋಡುತ್ತಾ ನಿಂತಿದ್ದರು.

“ಎಲ್ಲಿಗಂಟ ಓದಿದ್ದೀಯಪ್ಪ?”

“ಏಳು. ಎಂಟಕ್ಕೆ ಬುಟ್ಬುಟ್ಟೆ.”

“ಯಾಕೆ?”

“ಮನೇಲಿ ಕಷ್ಟ ಇತ್ತು.”

“ಕಷ್ಟ ಎಲ್ರ ಮನೇಲೂ ಐತೆ. ಹತ್ತು ಪಾಸ್ ಮಾಡ್ತೀಯಾ? ಮಾಡೋದಾದ್ರೆ ಕೈ ಕೊಡು.”

ನನ್ನ ಧೂಳು ಕೈಯನ್ನು ಟವಲಿನ ಕೆಳಗೆ ಎಳೆದುಕೊಂಡು ಒಮ್ಮೆ ಅದುಮಿ ಬಿಟ್ಟರು. ಅಷ್ಟೇ. ಮದುವೆ ಮೊದಲು ಆಯಿತು. ಪಾಸು ಎಷ್ಟೋ ಆಮೇಲೆ. ಲೆಕ್ಕದಲ್ಲಿ ಮತ್ತೆ ಮತ್ತೆ ಹೋಗುತ್ತಿತ್ತು. ನೆಂಟರು “ಫೇಲಾದ ಅಳಿಯ ಬಂದ” ಎಂದು ನನ್ನ ಮುಂದೆಯೇ ನಗುತ್ತಿದ್ದರು. ಮಾವ ಮಾತ್ರ “ಕೈ ಕೊಟ್ಟವ್ನೆ, ಮಾಡ್ತಾನೆ ಬುಡ್ರಿ” ಎನ್ನುತ್ತಿದ್ದರು. ನನ್ನನ್ನು ಕೇಳುತ್ತಿದ್ದದ್ದು ಒಂದೇ: “ಮುಂದ್ಲ ಪರೀಕ್ಸೆ ಯಾವಾಗಪ್ಪ?”

ಪಾಸಾದ ಮೇಲೆ ಅವರ ಮನೆಯಲ್ಲೇ ಇದ್ದುಕೊಂಡು ಹಿಂದೂಪುರದಲ್ಲಿ ಕಂಪ್ಯೂಟರ್ ಕಲಿತೆ. ಒಂದು ಬಟ್ಟೆ ಮಿಲ್ಲಿನ ಆಫೀಸಿನವರು ತೆಗೆದುಹಾಕಿದ ಕಂಪ್ಯೂಟರನ್ನು ಮಾವನೇ ಮಾತಾಡಿ ಕೊಡಿಸಿದರು. ಅದನ್ನು ತಂದು ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಗೇಮ್ ಅಂಗಡಿ ಇಟ್ಟೆ. ಅರ್ಧ ಗಂಟೆ ಆಡಿದರೆ ಇಷ್ಟು, ಒಂದು ಗಂಟೆ ಆಡಿದರೆ ಇಷ್ಟು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಟೀವಿ ನೋಡಿ ಗೊತ್ತಿದ್ದ ಮಕ್ಕಳಿಗೆ ತಾವೇ ಓಡಿಸುವ ಕಾರು ಕಂಡು ಹುಚ್ಚು ಹಿಡಿಯಿತು. ಎರಡು ವರ್ಷ ಚೆನ್ನಾಗಿ ನಡೆಯಿತು.

ಆಮೇಲೆ ಯಂತ್ರಕ್ಕೆ ವಯಸ್ಸಾಯಿತು. ಹೊಸ ಕಾರ್ ರೇಸ್ ಗೇಮ್ ಬಂತು, ಎಲ್ಲರಿಗೂ ಅದೇ ಬೇಕು. ನಮ್ಮ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳುವ ಹೊತ್ತಿಗೆ ಒಂದು ಲೋಟ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ತೆರೆದರೂ ಕಾರು ತಿರುವಿನಲ್ಲಿ ತಡೆತಡೆದು ಹೋಗುತ್ತಿತ್ತು. ಒಳಗೆ ಕರ್ ಕರ್ ಎಂದು ಹಾರ್ಡ್ ಡಿಸ್ಕ್ ಅರೆಯುತ್ತಿತ್ತು. ಅದೇ ಸಮಯಕ್ಕೆ ಸಿನಿಮಾ ಥಿಯೇಟರಿನ ಪಕ್ಕ ಇನ್ನೊಬ್ಬರು ಹೊಸ ಕಂಪ್ಯೂಟರ್ ಇಟ್ಟು ಅಂಗಡಿ ತೆರೆದರು. ಬೇಸಿಗೆ ರಜೆ ಹತ್ತಿರ ಬರುತ್ತಿತ್ತು. ನಮ್ಮಂಥ ಅಂಗಡಿ ವರ್ಷವೆಲ್ಲ ಉಸಿರಾಡುವುದು ಆ ರಜೆಯ ಮೇಲೆ. ಆ ರಜೆ ತಪ್ಪಿದರೆ ಬಾಗಿಲು ಹಾಕಿ ನಾನು ಮತ್ತೆ ಮಿಲ್ಲಿಗೆ ಚೀಲ ಹೊರಲು ಹೋಗಬೇಕು.

ಎಲ್ಲವೂ ಹಳೆಯದಾಗಿತ್ತು. ಆದರೆ ಬದಲಿಸುವ ಶಕ್ತಿ ಇದ್ದದ್ದು ಒಂದೇ ಭಾಗವನ್ನು. ಆ ಒಂದು ಯಾವುದು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಮಾನಿಟರಿನ ಬಣ್ಣ ಮಾಸಿತ್ತು, ಆದರೆ ಅದನ್ನು ಬದಲಿಸಿದರೆ ವೇಗ ಬರುವುದಿಲ್ಲ. ಮದರ್ ಬೋರ್ಡ್ ಬದಲಿಸಿದರೆ ಅದರ ಹಿಂದೆ ಉಳಿದ ಎಲ್ಲವನ್ನೂ ಬದಲಿಸಬೇಕು, ಅದು ನಮ್ಮ ಕೈಗೆ ಸಿಗುವ ಮಾತಲ್ಲ. ಕೀಬೋರ್ಡಿನ ಬಾಣದ ಗುಂಡಿ ಸವೆದಿತ್ತು, ಅದರ ಕೆಳಗೆ ಕಾಗದ ಮಡಿಚಿ ಇಟ್ಟಿದ್ದೆ. ಕೊನೆಗೆ ಉಳಿದದ್ದು ಮೆಮೊರಿ. ಅದೊಂದನ್ನು ಹೆಚ್ಚಿಸಿದರೆ ಡಿಸ್ಕು ಅರೆಯುವುದು ನಿಲ್ಲುತ್ತದೆ, ಗೇಮು ಓಡುತ್ತದೆ. ಅನುಮಾನವೇ ಇಲ್ಲ.

ಇದನ್ನು ಮಾವನಿಗೆ ಒಪ್ಪಿಸಬೇಕಿತ್ತು. ಅವರಿಗೆ ತಿಳಿಸದೆ ಆ ಯಂತ್ರಕ್ಕೆ ಕೈ ಹಚ್ಚುವಂತಿರಲಿಲ್ಲ. ಹಿಂದೂಪುರದಿಂದ ಬಂದು, ಅಂಗಡಿಯ ಬೆಂಚಿನ ಮೇಲೆ ಕೂತು, ಕಂಪ್ಯೂಟರನ್ನು ತಲೆಯಿಂದ ಕೆಳಗಿನವರೆಗೂ ನೋಡಿದರು.

“ಮುಖ ಮಾಸೋಗೈತಲ್ಲಪ್ಪ. ಮೊದ್ಲು ಮುಖ ನೋಡು.”

“ಮಾವ, ಮುಖ ತೊಳುದ್ರೆ ಎತ್ತು ಓಡ್ತದಾ?”

“ಸಂತೇಲಿ ಮಾರಾಟ ಆಯ್ತದೆ.”

“ನಾನು ಮಾರ್ತಾ ಇಲ್ಲ ಮಾವ, ಓಡುಸ್ತಾ ಇದೀನಿ!”

ಮಧ್ಯಾಹ್ನವೆಲ್ಲ ಇದೇ ಆಯಿತು. ನಾನು ವೇಗ ಎನ್ನುವುದು, ಅವರು ಮುಖ ಎನ್ನುವುದು. ಕೊನೆಗೆ ನನ್ನ ಗಂಟಲು ಏರಿದ್ದು ಕಂಡು ಮೋಟು ಬೆರಳಿನಿಂದ ಗಲ್ಲ ಕೆರೆದುಕೊಂಡರು.

“ಮೆಮೊರಿ ಅಂದ್ರೆ ಉಸ್ರು ಅನ್ನು.”

“ಹೂಂ, ಉಸಿರು ಅಂತ್ಲೇ ತಿಳ್ಕಳಿ.”

“ಸರಿ, ಉಸ್ರೇ ಹಾಕ್ಸಾಣ. ರೇಟು ನಾನು ಮಾತಾಡ್ತೀನಿ. ನೀನು ಬಾಯ್ ಬುಡ್ಬ್ಯಾಡ.”

“ನೋಡಾಕೆ ಚಿಕ್ಕದಿರ್ತದೆ ಮಾವ, ರೇಟು ಮಾತ್ರ ಜಾಸ್ತಿ. ಗಾಬರಿ ಆಗ್ಬ್ಯಾಡಿ” ಎಂದೆ. ಆ ಮಾತನ್ನು ಯಾಕಾದರೂ ಆಡಿದೆನೋ.

ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿಯ ಯಜಮಾನರೊಬ್ಬರಿದ್ದರು. ಅವರ ಮಗ ಮಂಡಿಯ ಮುಂಭಾಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಮುಂದೆ ಕಂಪ್ಯೂಟರು, ಹಿಂದೆ ಹುಣಸೆಹಣ್ಣಿನ ಚೀಲ. ಇಡೀ ಅಂಗಡಿ ಹುಳಿ ವಾಸನೆ. ಮಗ ನನಗೆ ಕಂಪ್ಯೂಟರ್ ಕ್ಲಾಸಿನಲ್ಲಿ ಪರಿಚಯ, ಯಜಮಾನರು ಮಾವನಿಗೆ ಸಂತೆಯಲ್ಲಿ ಪರಿಚಯ.

“ಏಮಯ್ಯಾ ದಲ್ಲಾಳಿ, ಎದ್ದುಲು ಒದಿಲೇಸಿ ಇಟ್ಲ ವಚ್ಚಿನಾವೇ?” ಎಂದು ಯಜಮಾನರು ತೆಲುಗಿನಲ್ಲಿ ನಕ್ಕರು. ಎತ್ತು ಬಿಟ್ಟು ಈ ಕಡೆ ಬಂದೆಯಲ್ಲಾ ಎಂದು.

“ಎತ್ತು ಅಲ್ಲೇ ಅವೆ ಯಜಮಾನ್ರೇ. ಇದ್ಕೂ ಒಂದ್ಸಲ ಹಲ್ಲು ನೋಡಾಣ ಅಂತ ಬಂದೆ.”

ಯಜಮಾನರ ಮಗ ಮೆಮೊರಿಯನ್ನು ತಂದು ಅಂಗೈಯಲ್ಲಿ ಇಟ್ಟುಕೊಂಡು ತೋರಿಸಿದ. ಮುರಿದ ಬಾಚಣಿಗೆಯಷ್ಟು ಉದ್ದ. ಮಾವ ಬಗ್ಗಿ ನೋಡಿ, “ಇಷ್ಟೇನಾ?” ಎಂದರು. ಆಮೇಲೆ ಹೆಗಲಿನಿಂದ ಟವಲ್ ತೆಗೆದು ಕೊಡವಿದರು. ಮಗನಿಗೆ ಆ ಕೈಲೆಕ್ಕ ಬಾರದು. ಯಜಮಾನರೇ ಎದ್ದು ಬಂದು ಟವಲಿನ ಕೆಳಗೆ ಕೈ ಕೊಟ್ಟರು. ಎಷ್ಟೋ ವರ್ಷದ ಮೇಲೆ ಹಳೆಯ ಆಟ ಸಿಕ್ಕಿದಂತೆ ಇಬ್ಬರ ಮುಖವೂ ಬೆಳಗಿತು.

ನಾನು, ಯಜಮಾನರ ಮಗ, ಕಂಪ್ಯೂಟರ್ ಗೊತ್ತಿದ್ದ ಇಬ್ಬರೂ ಸುಮ್ಮನೆ ನಿಂತಿದ್ದೆವು. ವ್ಯಾಪಾರ ಗೊತ್ತಿದ್ದ ಇಬ್ಬರೂ ಟವಲ್ ಅಲ್ಲಾಡಿಸುತ್ತಿದ್ದರು. ಮಾವ ತಲೆ ಅಡ್ಡಕ್ಕೆ ಆಡಿಸಿದರು. ಯಜಮಾನರು ಹಲ್ಲು ಕಚ್ಚಿ ನಕ್ಕರು. ಮತ್ತೆ ಟವಲ್ ಅಲ್ಲಾಡಿತು. ಕೊನೆಗೆ ಇಬ್ಬರೂ ಕೈ ಬಿಟ್ಟರು. ಯಜಮಾನರು ಮಗನ ಕಡೆ ತಿರುಗಿ, “ಮಾನಿಟರ್ ಕಟ್ಟೋ” ಎಂದರು.

ನನಗೆ ಕಿವಿ ಸರಿ ಕೇಳಿಸಲಿಲ್ಲವೇನೋ ಅನ್ನಿಸಿತು.

“ನಾಯ್ನಾ, ಅವರು ಕೇಳಿದ್ದು ಮೆಮೊರಿ” ಎಂದ ಮಗ.

“ದಲ್ಲಾಳಿ ಇದರ ಮೇಲೆ ಕೈ ಇಟ್ಟಿದ್ನಲ್ಲೋ!” ಎಂದರು ಯಜಮಾನರು.

ಆಗ ಎಲ್ಲರೂ ನೋಡಿದೆವು. ಮಾವನ ಎಡಗೈ ಇನ್ನೂ ಅಲ್ಲೇ ಇತ್ತು. ಮೇಜಿನ ಮೇಲಿದ್ದ ದೊಡ್ಡ ಮಾನಿಟರಿನ ಬೆನ್ನ ಮೇಲೆ. ವ್ಯಾಪಾರಕ್ಕೆ ನಿಂತರೆ ಎಡಗೈಗೆ ಒಂದು ಬೆನ್ನು ಬೇಕು, ಅದು ಅವರಿಗೆ ಅಭ್ಯಾಸ. ಬಾಚಣಿಗೆಯ ತುಂಡಿಗೆ ಬೆನ್ನು ಎಲ್ಲಿ? ಕೈ ತಾನಾಗಿಯೇ ಹತ್ತಿರದ ದೊಡ್ಡ ಬೆನ್ನನ್ನು ಹುಡುಕಿಕೊಂಡಿತ್ತು. ರೇಟು ಜಾಸ್ತಿ ಅನ್ನಿಸಿದರೂ, ಚಿಕ್ಕದಕ್ಕೆ ರೇಟು ಜಾಸ್ತಿ ಎಂದು ನಾನೇ ಹೇಳಿದ್ದೆನಲ್ಲ, ಹಾಗಾಗಿ ಒಪ್ಪಿಬಿಟ್ಟಿದ್ದರು.

ಯಜಮಾನರು ಒಳ್ಳೆಯವರು. “ಅಯ್ಯೋ, ಬ್ಯಾಡ ಅಂದ್ರೆ ಬುಡಯ್ಯಾ. ಮೆಮೊರೀನೇ ತಗಂಡೋಗು” ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಆದರೆ ಮಾವ ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡರು. ಅದನ್ನು ಪಂಚೆಗೆ ಒರೆಸಿಕೊಂಡರು.

“ಇಲ್ಲ ಯಜಮಾನ್ರೇ. ಕೈ ಇಟ್ಟಿದ್ದು ನಾನು. ಅದನ್ನೇ ಕಟ್ಟಿಸಿ.”

“ಮಾವ!”

“ಬಾಯ್ ಬುಡ್ಬ್ಯಾಡ ಅಂದಿರ್ಲಿಲ್ವಾ?”

ಗೋಣಿಚೀಲ ಸುತ್ತಿದ ಆ ಮಾನಿಟರನ್ನು ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಇಟ್ಟುಕೊಂಡು ಹೊರಟೆವು. ಗೋಣಿಯಿಂದ ಹುಣಸೆ ವಾಸನೆ. ರೊದ್ದಂ ಊರು ದಾಟಿದೆವು. ಕಂಡಕ್ಟರ್ ಬಂದು, “ಏಂ ತಾತಾ, ಟೀವೀನಾ?” ಎಂದ.

“ಎತ್ತು ಕಣಪ್ಪ” ಎಂದರು ಮಾವ.

ಕಂಡಕ್ಟರ್ ನಕ್ಕ. ನನಗೆ ಆ ನಗು ಕೇಳಿ ಮೈಯೆಲ್ಲ ಉರಿಯಿತು.

“ನಿಮಗೆ ನಿಮ್ಮ ಮಾತೇ ದೊಡ್ಡದು. ಅವರೇ ವಾಪಸ್ ತಗೊಳ್ತೀನಿ ಅಂದ್ರು. ಇನ್ನು ನನ್ನ ಅಂಗಡಿ ಮುಚ್ಚೋಯ್ತದೆ, ಗೊತ್ತಾ ನಿಮಗೆ?”

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. “ಇವತ್ತು ಕೈ ಇಟ್ಟು ಆಮ್ಯಾಲೆ ಅದಲ್ಲ ಇದು ಅಂದ್ರೆ, ನಾಳೆ ನನ್ನ ಕೈಗೆ ಯಾವನ್ಲಾ ಕೈ ಕೊಡ್ತಾನೆ?”

“ಇದು ಎತ್ತಲ್ಲ ಮಾವ, ಕಂಪ್ಯೂಟರು!”

“ಕೈ ಅದೇ ಅಲ್ವೇನಪ್ಪ.” ನನ್ನ ಕಡೆ ತಿರುಗಿ, “ನೀನು ಮೂರ್ ಕಿತ ಫೇಲಾದಾಗ ನಾನು ಮಗಳನ್ನ ವಾಪಸ್ ಕರ್ಕಂಡೋದ್ನಾ?” ಎಂದರು.

ಕಂಬದೂರು ಬಂತು, ಕಲ್ಯಾಣದುರ್ಗ ಬಂತು. ಮಾನಿಟರನ್ನು ಇಬ್ಬರೂ ಹೊತ್ತು ಅಂಗಡಿಗೆ ಇಳಿಸಿದೆವು. ಜೋಡಿಸಿ ಹಚ್ಚಿದೆ. ಚಿತ್ರ ಎಂಥ ಚೆನ್ನಾಗಿ ಬಂತು ಎಂದರೆ, ನಮ್ಮ ಕಂಪ್ಯೂಟರ್ ಎಷ್ಟು ನಿಧಾನ ಎನ್ನುವುದು ದೂರದ ಪಾನ್ ಅಂಗಡಿಯವರಿಗೂ ಕಾಣುವಂತಾಯಿತು.

ಮಾವ ಊರಿಗೆ ಹೋಗಲಿಲ್ಲ. “ರಜಾ ಮುಗಿಯೋಗಂಟ ಇಲ್ಲೇ ಇರ್ತೀನಿ” ಎಂದು ಚೀಲ ಇಳಿಸಿದರು. ಇಲ್ಲಿದ್ದು ಮಾಡುವುದೇನು ಎಂದು ನಾನು ಒಳಗೇ ಕುದಿದೆ.

ಮೊದಲ ದಿನ ಒಬ್ಬ ಹುಡುಗ ಕೂತ. ಡಿಸ್ಕು ಕರ್ ಕರ್ ಎನ್ನತೊಡಗಿತು. ಅವನು ಗುಂಡಿಗಳನ್ನು ಕುಟ್ಟಿ, “ಅಣ್ಣಾ, ಸ್ಟಕ್ಕಾಯ್ತು. ನಾನು ಥಿಯೇಟ್ರು ಹತ್ರ ಹೋಯ್ತೀನಿ” ಎಂದು ಎದ್ದ. ಮಾವ ಅವನ ಹೆಗಲು ಹಿಡಿದು ಕೂರಿಸಿದರು.

“ಸ್ಟಕ್ಕಲ್ಲ ಕಣ್ಲಾ, ಮೆಲುಕು ಹಾಕ್ತಾ ಐತೆ. ಮೇದ ಮ್ಯಾಲೆ ಮೆಲುಕು ಹಾಕ್ದಲೆ ಯಾವ ಎತ್ತು ಗಾಡಿಗೆ ಕಟ್ಟುಸ್ಕಂತದೆ? ಕೇಳು, ಒಂದ್ಸಲ ಸೆಟ್ಟೂರು ಕಡೆಯೋನು ಒಬ್ಬ ಹಲ್ಲಿಲ್ಲದ ಹೋರಿ ತಂದ್ಬುಟ್ಟ...”

ಹುಡುಗ ಕಥೆಗೆ ಬಿದ್ದ. ಕಥೆ ಮುಗಿಯುವ ಹೊತ್ತಿಗೆ ಗೇಮು ತೆರೆದುಕೊಂಡಿತ್ತು. ಅವನು ಕಾರು ಓಡಿಸತೊಡಗಿದರೆ ಮಾವ ಹಿಂದೆ ನಿಂತು ಟವಲ್ ಬೀಸುತ್ತಾ ಕೂಗು ಹಾಕಿದರು. ಕೆಂಪು ಕಾರಿಗೆ ಕೆಂದ ಎಂದು ಹೆಸರು, ಬಿಳಿ ಕಾರಿಗೆ ಬೆಳ್ಳಿ. “ಓ ಕೆಂದಾ! ಮಗ್ಗಲು ಒತ್ತು! ಮೂಗ್ದಾರ ಸಡ್ಲ ಬುಡ್ಲಾ, ಬಿಗಿ ಹಿಡಿದ್ರೆ ಹಳ್ಳಕ್ಕೆ ಬೀಳ್ತದೆ!” ಕಾರು ತಡೆತಡೆದು ಹೋದರೆ, “ಏರು ಐತೆ, ಉಸ್ರು ತಗಂತಾ ಐತೆ” ಎನ್ನುತ್ತಿದ್ದರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಮಾನಿಟರ್ ದೊಡ್ಡದು, ಬಾಗಿಲಿನಿಂದಲೇ ಕಾಣುತ್ತಿತ್ತು.

ಇದನ್ನು ಓದಿ ನಾನು ಖುಷಿಪಟ್ಟೆ ಎಂದುಕೊಳ್ಳಬೇಡಿ. ಆ ಬೇಸಿಗೆ ನಾನು ಹುಚ್ಚನಾಗದೆ ಉಳಿದದ್ದೇ ಹೆಚ್ಚು. ಸೋತ ಹುಡುಗನಿಗೆ ಮಾವ ಇನ್ನೊಂದು ಆಟ ಬಿಟ್ಟಿ ಕೊಡುತ್ತಿದ್ದರು. “ಸೋತೋನು ಸಂತೆಯಿಂದ ಬರಿಗೈಲಿ ಹೋಗ್ಬಾರ್ದು.” ಮಾನಿಟರಿಗೆ ದಿನಾ ವಿಭೂತಿ ಹಚ್ಚಿ ಹೂವಿನ ಹಾರ ಹಾಕುತ್ತಿದ್ದರು. ಗಾಳಿ ಆಡುವ ಕಿಂಡಿಗಳಿಗೆ ಅಡ್ಡ ಎಂದರೆ ಕೇಳರು. ಸೆಕೆಗೆ ಅದು ಕಾದರೆ ಒದ್ದೆ ಟವಲ್ ಹೊದಿಸಲು ಬಂದರು. ನಾನು ಓಡಿ ಹೋಗಿ ಕಿತ್ತುಕೊಂಡೆ. “ಶಾಕ್ ಹೊಡೀತದೆ ಮಾವ!” ಎಂದು ಕಿರುಚಿದರೆ, “ಪಾಪ, ಮೈ ಸುಡ್ತಾ ಐತಲ್ಲಪ್ಪ” ಎಂದು ನನಗೇ ಬುದ್ಧಿ ಹೇಳಿದರು. ನಿಂತು ನೋಡುವವರೇ ಹೆಚ್ಚು, ಕೂತು ಆಡುವವರು ಕಡಿಮೆ ಎಂದು ನಾನು ಗೊಣಗಿದರೆ, “ನಿಂತೋನು ಎಷ್ಟೊತ್ತು ನಿಂತಾನು? ಕಾಲ್ ನೋಯ್ದಲೇ ಇರ್ತದಾ?” ಎಂದರು.

ಕಾಲು ನೊಂದು ಕೂತವರೂ ಇದ್ದರು, ಥಿಯೇಟರ್ ಕಡೆಗೆ ಹೋದವರೂ ಇದ್ದರು. ಹೋದವರಲ್ಲಿ ಕೆಲವರು ಮರಳಿ ಬಂದರು. “ಅಲ್ಲಿ ಜಲ್ದಿ ಬರ್ತದೆ. ತಾತ ಇಲ್ಲ” ಎಂದ ಒಬ್ಬ. ಹೇಗೋ ರಜೆ ಕಳೆಯಿತು. ನಾನು ಮಿಲ್ಲಿಗೆ ಹೋಗಬೇಕಾಗಲಿಲ್ಲ.

ಮಳೆಗಾಲದ ಹೊತ್ತಿಗೆ ಮತ್ತೆ ಹಿಂದೂಪುರಕ್ಕೆ ಹೋದೆವು. ಮಂಡಿಯ ಬಾಗಿಲಲ್ಲೇ ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಒಳಕ್ಕೆ ಬಾರಯ್ಯಾ!” ಎಂದರೂ ಮಾವ ಅಲುಗಲಿಲ್ಲ. “ನಮ್ಮ ಅಳಿಯಪ್ಪ ಮಾತಾಡ್ತಾನೆ. ನಾನು ಏನನ್ನೂ ಮುಟ್ಟಲ್ಲ.” ನಾನು ಬಾಯಿಂದಲೇ ಮಾತಾಡಿ ಮೆಮೊರಿ ತೆಗೆದುಕೊಂಡೆ.

ಅದನ್ನು ಹಾಕಿದ ದಿನ ಹುಡುಗರು ಗುಂಪುಗೂಡಿದ್ದರು. ಗೇಮು ಒತ್ತಿದೆ. ಮಾವ ಎಂದಿನಂತೆ ಗಂಟಲು ಸರಿಮಾಡಿಕೊಂಡು, “ಒಂದ್ಸಲ ಏನಾಯ್ತು ಅಂದ್ರೆ, ಕೊರಟಗೆರೆ ಕಡೆ...” ಎಂದರು. ಅಷ್ಟರಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ರೇಸ್ ಹೊರಟೇಬಿಟ್ಟಿತು. ಹುಡುಗರು ಕೇಕೆ ಹಾಕಿ ಪರದೆಯ ಕಡೆ ತಿರುಗಿದರು. ಕಾರು ಎಲ್ಲಿಯೂ ತಡೆಯಲಿಲ್ಲ. ಕೆಂದ, ಬೆಳ್ಳಿ ಎಂದು ಕೂಗುವಷ್ಟರಲ್ಲಿ ತಿರುವು ದಾಟಿ ಹೋಗಿರುತ್ತಿತ್ತು.

“ಓ, ಹೊಂಟೇಬುಡ್ತಾ?” ಎಂದರು ಮಾವ. ಬೆಂಚಿನ ಮೇಲೆ ಕೂತರು. “ಉಸ್ರು ಚೆನ್ನಾಗೈತೆ ಕಣಪ್ಪ. ನೀನು ಹೇಳಿದ್ದೇ ಸರಿ.”

ನಾನು ಬೇಸಿಗೆಯಿಡೀ ಕಾದ ಮಾತು ಅದು. ಅದು ಬಂದಾಗ ನನಗೆ ಬೇಡವಾಗಿತ್ತು. ಆ ವಾರವೇ ಅವರು ಊರಿಗೆ ಹೋದರು. ಮತ್ತೆ ಅಂಗಡಿಗೆ ಬಂದದ್ದು ಅಪರೂಪ. ಬಂದರೂ ಸ್ವಲ್ಪ ಹೊತ್ತು ಕೂತು, ಮಾನಿಟರಿನ ಬೆನ್ನು ತಟ್ಟಿ, “ಬತ್ತೀನಪ್ಪ” ಎಂದು ಎದ್ದುಬಿಡುತ್ತಿದ್ದರು.

ಅವರಿಗೆ ಕಾಯಿಲೆಯಾದಾಗ ನಾನು, ಹೆಂಡತಿ ಹಿಂದೂಪುರಕ್ಕೆ ಹೋದೆವು. ಮಾತು ನಿಂತಿತ್ತು. ಕಣ್ಣು ಚುರುಕಾಗಿತ್ತು. ನಾನು ಮಂಚದ ಪಕ್ಕ ಕೂತೆ. ಅವರ ಎಡಗೈ ನಿಧಾನಕ್ಕೆ ಬಂದು ನನ್ನ ಬೆನ್ನಿನ ಮೇಲೆ ಕೂತಿತು. ಬಲಗೈಯಿಂದ ಟವಲ್ ಎಳೆದುಕೊಂಡು ನನ್ನ ಕೈಯನ್ನು ಅದರ ಕೆಳಗೆ ಸೇರಿಸಿಕೊಂಡರು. ಎರಡು ಬೆರಳು ಹಿಡಿದರು. ಬಿಟ್ಟರು. ಆಮೇಲೆ ಇಡೀ ಅಂಗೈ ಹಿಡಿದರು. ಮೋಟು ಬೆರಳು ನನ್ನ ಅಂಗೈಗೆ ನುಣ್ಣಗೆ ಒತ್ತಿತು. ನನ್ನ ಮುಖವನ್ನೇ ನೋಡಿದರು, ಉತ್ತರ ಬೇಕು ಎನ್ನುವ ಹಾಗೆ. ನಾನು ಆ ಲೆಕ್ಕವನ್ನು ಕಲಿತೇ ಇರಲಿಲ್ಲ. ಏನು ಹಿಡಿಯಬೇಕೋ ತಿಳಿಯದೆ ಸುಮ್ಮನೆ ಕೂತೆ. ಹಾಗೆಯೇ ನಿದ್ದೆ ಹೋದರು. ಮೂರನೆಯ ದಿನ ತೀರಿಕೊಂಡರು.

ತಿಥಿಗೆ ಮಂಡಿ ಯಜಮಾನರು ಬಂದಿದ್ದರು. ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಹೀಗೆ ಹಿಡಿದರು, ಹೀಗೆ ಬಿಟ್ಟರು, ಅದಕ್ಕೆ ಅರ್ಥ ಏನು ಎಂದು.

“ಬೆರಳಿಗೆ ಅರ್ಥ ಎಲ್ಲಿರ್ತದಪ್ಪ? ಅದು ಬರೀ ರೇಟು. ಎಡಗೈ ಎಲ್ಲಿತ್ತು?”

“ನನ್ನ ಬೆನ್ನ ಮೇಲೆ.”

ಯಜಮಾನರು ಹೆಗಲಿನ ಟವಲನ್ನು ಕೈಗೆ ತೆಗೆದುಕೊಂಡರು. “ಕೈ ಯಾರು ಬುಟ್ಟಿದ್ದು?”

“ಯಾರೂ ಬಿಡಲಿಲ್ಲ. ಅವರಿಗೆ ನಿದ್ದೆ ಬಂತು. ನಾನು ಮೆಲ್ಲಗೆ ತೆಗೆದುಕೊಂಡೆ.”

“ಅಂಗಾರೆ ಯಾಪಾರ ಮುಗಿದಿಲ್ಲ ಬುಡು” ಎಂದು ಟವಲಿನಿಂದ ಕಣ್ಣು ಒರೆಸಿಕೊಂಡು ಊಟದ ಸಾಲಿಗೆ ಹೋದರು.

ಆ ಕಂಪ್ಯೂಟರಿನ ಭಾಗಗಳೆಲ್ಲ ಒಂದೊಂದಾಗಿ ಬದಲಾಗಿ ಹೋದವು. ನಾನು ಅಷ್ಟು ಜಗಳ ಆಡಿ ತಂದ ಮೆಮೊರಿ ಯಾವ ಡಬ್ಬಿಯಲ್ಲಿದೆಯೋ ನೆನಪಿಲ್ಲ. ಮಾನಿಟರ್ ಮಾತ್ರ ಇದೆ. ಹಚ್ಚಿದರೆ ಹತ್ತುವುದಿಲ್ಲ. ಎಸೆಯೋಣ ಎಂದು ಎತ್ತಲು ಹೋದರೆ ಕೈ ಮೊದಲು ಅದರ ಬೆನ್ನ ಮೇಲೆ ಹೋಗುತ್ತದೆ, ಆಮೇಲೆ ಎತ್ತಲಾಗುವುದಿಲ್ಲ. ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ. ಆ ಲೆಕ್ಕವನ್ನು ನನಗೆ ಕಲಿಸಬಹುದಿತ್ತಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಬೇಕಾದದ್ದು ಬಿಟ್ಟು ಬೇರೇನೋ ತಂದು ತಲೆ ಕೆಡಿಸಿದವರು ಇದ್ದಿದ್ದರೆ, ಅವರ ವಿಷಯ ನಾಲ್ಕು ಸಾಲು ಬರೆಯಿರಿ, ನಿಧಾನಕ್ಕೆ ಓದುತ್ತೇನೆ. ಸಂತೆಯ ಕೈಲೆಕ್ಕ ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ಎರಡು ಬೆರಳು ಹಿಡಿದು, ಬಿಟ್ಟು, ಆಮೇಲೆ ಇಡೀ ಅಂಗೈ ಹಿಡಿದರೆ, ಎದುರಿನವನು ಏನು ಹಿಡಿಯಬೇಕು? ದಯವಿಟ್ಟು ತಿಳಿಸಿ.